ಹೊಳಪಿಗೂ ಒಂದು ಲೆಕ್ಕ ಇದೆ

ಹಳೆ ಕಾರನ್ನು ಉಜ್ಜಿ ಹೊಸತು ಮಾಡುವ ಕೆಲಸ: ಏನು ಸಿಗುತ್ತದೆ, ಏನು ಕಳೆದುಹೋಗುತ್ತದೆ, ಮಾರುವವನೂ ಕೊಳ್ಳುವವನೂ ಏನು ತಿಳಿದಿರಬೇಕು

ಇಳಕಲ್ ಅಂದ ಕೂಡಲೇ ಕೆಲವರಿಗೆ ಸೀರೆ ನೆನಪಾಗ್ತದೆ. ಮನೆ ಕಟ್ಟಿಸಿದವರಿಗೆ ನೆನಪಾಗುವುದು ಗ್ರಾನೈಟ್. ನಮ್ಮ ಕರಾವಳಿಯ ಎಷ್ಟೋ ಮನೆಗಳ ಮೆಟ್ಟಿಲಿಗೆ, ಸಿಟೌಟಿಗೆ, ಅಡುಗೆ ಕಟ್ಟೆಗೆ ಹಾಸಿರುವ ಕೆಂಪು-ಗುಲಾಬಿ ಬಣ್ಣದ ಕಲ್ಲಿಗೆ ಅಂಗಡಿಯವರು ಇಳಕಲ್ ಹೆಸರನ್ನೇ ಹೇಳುವುದುಂಟು. ಬಾಗಲಕೋಟೆ ಜಿಲ್ಲೆಯ ಹುನಗುಂದ, ಇಳಕಲ್ ಸೀಮೆಯ ಈ ಕಲ್ಲು ದೇಶದ ಆಚೆಗೂ ಹೋಗಿದೆ. ಇದೇ ಸೀಮೆಯ ರಾಮಥಾಳ ಎಂಬ ಹಳ್ಳಿಯ ಹೆಸರು ಇತ್ತೀಚಿನ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಬಂದದ್ದು ಬೇರೆ ಕಾರಣಕ್ಕೆ. ನಾರಾಯಣಪುರ ಜಲಾಶಯದ ಹಿನ್ನೀರಿನಿಂದ 24 ಸಾವಿರ ಹೆಕ್ಟೇರ್ ಹೊಲಗಳಿಗೆ ಹನಿ ನೀರಾವರಿ ಕೊಡುವ ದೊಡ್ಡ ಯೋಜನೆಗೆ ಈ ಊರಿನ ಹೆಸರಿದೆ.

ನಾವು ಮಕ್ಕಳಿಗೆ ಓದಿಸಲು ಕರಾವಳಿಯಿಂದ ಈ ಕಡೆಗೆ ಬಂದವರು. ಊರಲ್ಲಿ ಉಸ್ತಾದ್ ಎಂದು ಕರೆಯುವವರು ಇಲ್ಲಿ 'ಹಜರತ್' ಅಂತಾರೆ. ಭಾಷೆಯ ಧಾಟಿ ಬೇರೆ, ಊಟ ಬೇರೆ, ಮಣ್ಣಿನ ಬಣ್ಣವೂ ಬೇರೆ. ಆದರೆ ರಸ್ತೆ ಹಳೇ ಪರಿಚಯದ್ದೇ. ಸೊಲ್ಲಾಪುರದಿಂದ ಮಂಗಳೂರಿಗೆ ಬರುತ್ತಿದ್ದ ಹಳೆಯ 13ನೇ ನಂಬರ್ ರಾಷ್ಟ್ರೀಯ ಹೆದ್ದಾರಿ ಹುನಗುಂದ, ಇಳಕಲ್ ದಾಟಿಯೇ ಬರ್ತಿತ್ತು. ಈಗ ಇಲ್ಲಿ ಅದರ ನಂಬರ್ 50, ಶಿವಮೊಗ್ಗದಿಂದ ಮಂಗಳೂರಿನವರೆಗಿನ ತುಂಡಿಗೆ 169. ಲಾರಿ ಓಡಿಸಿದ ನಮ್ಮ ಹಿರಿಯರಿಗೆ ಈ ಊರುಗಳ ಹೆಸರು ಹೊಸತಲ್ಲ.

ಹೆದ್ದಾರಿ ಇದ್ದಲ್ಲಿ ಗ್ಯಾರೇಜ್ ಇರ್ತದೆ, ಟಿಂಕರಿಂಗ್-ಪೇಂಟಿಂಗ್ ಶಾಪ್ ಇರ್ತದೆ. ಈಗ ಅದರ ಪಕ್ಕದಲ್ಲೇ 'ಬಫಿಂಗ್, ಪಾಲಿಶ್, ಕೋಟಿಂಗ್' ಎಂಬ ಬೋರ್ಡೂ ಬಂದಿದೆ. ಪಡುಬಿದ್ರಿಯಲ್ಲೂ ಅದೇ ಬೋರ್ಡು, ಇಳಕಲ್‌ನಲ್ಲೂ ಅದೇ. ರಜೆಯಲ್ಲಿ ಗಲ್ಫಿನಿಂದ ಬಂದವರು, ಹಳೆ ಗಾಡಿ ಕೊಟ್ಟು ಹೊಸತು ತೆಗೆಯುವವರು, ಸೆಕೆಂಡ್ ಹ್ಯಾಂಡ್ ಗಾಡಿ ವ್ಯಾಪಾರ ಮಾಡುವವರು ಎಲ್ಲರಿಗೂ ಇದು ಬೇಕಾದ ಕೆಲಸ. ಈ ವ್ಯಾಪಾರದಲ್ಲಿ ನಮ್ಮ ಸಮುದಾಯದವರು ಸಾಕಷ್ಟು ಮಂದಿ ಇದ್ದಾರೆ. ಹಾಗಾಗಿ ಇದರ ಒಳಗುಟ್ಟು ತಿಳಿದಿರುವುದು ಒಳ್ಳೆಯದು.

ಹೊಳಪು ಹಚ್ಚುವುದಲ್ಲ, ತೆಗೆಯುವುದು

ಮೊದಲಿಗೆ ಕಲ್ಲಿನ ವಿಷಯ ನೋಡುವ. ಕ್ವಾರಿಯಿಂದ ಬಂದ ಗ್ರಾನೈಟ್ ದಿಮ್ಮಿಯನ್ನು ಹಲಗೆಯಾಗಿ ಸೀಳಿದಾಗ ಅದು ಮಂಕಾಗಿ ಇರ್ತದೆ, ಬಣ್ಣವೇ ಕಾಣುವುದಿಲ್ಲ. ಆಮೇಲೆ ನೀರು ಬಿಡುತ್ತಾ ಅದನ್ನು ಉಜ್ಜುತ್ತಾರೆ. ಮೊದಲು ದೊರಗು ಸಾಣೆ, ಆಮೇಲೆ ಸ್ವಲ್ಪ ನಯದ್ದು, ಆಮೇಲೆ ಇನ್ನೂ ನಯದ್ದು. ಹೀಗೆ ಒಂದೊಂದೇ ಮೆಟ್ಟಿಲು. ಕೊನೆಗೆ ಬಫ್ ಕೊಟ್ಟಾಗ ಕಲ್ಲಿನಲ್ಲಿ ಮುಖ ಕಾಣ್ತದೆ. ಅದರ ಮೇಲೆ ಬಣ್ಣವನ್ನೋ ವಾರ್ನಿಶನ್ನೋ ಬಳಿದದ್ದಲ್ಲ. ಕಲ್ಲಿನ ಕೆಲಸ ಬಲ್ಲ ಒಬ್ಬರು ಇದನ್ನು ನಮಗೆ ಒಂದೇ ಮಾತಿನಲ್ಲಿ ಹೇಳಿದರು: "ಹಜರತ್, ಹೊಳಪು ಅನ್ನೋದು ಹಚ್ಚೋದಲ್ರೀ, ಅದು ಒಳಗಿಂದ ತೆಗಿಯೋದು."

ಈ ವಿದ್ಯೆ ಈ ಸೀಮೆಗೆ ಹೊಸತಲ್ಲ. ಪಕ್ಕದ ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯ ಇದೆ. ಅಲ್ಲಿನ ಕಂಬಗಳನ್ನು ಕಡೆದು ತಿಕ್ಕಿದ ನಯ ಒಂಬತ್ತು ನೂರು ವರ್ಷ ಕಳೆದರೂ ಕೈಗೆ ತಾಗ್ತದೆ.

ಕಾರಿನ ಪೇಂಟಿನಲ್ಲೂ ತತ್ವ ಇದೇ. ಮೇಲ್ಮೈ ಸಪಾಟಾಗಿದ್ದರೆ ಬೆಳಕು ಕನ್ನಡಿಯಲ್ಲಿ ಬಿದ್ದ ಹಾಗೆ ಒಂದೇ ದಿಕ್ಕಿಗೆ ತಿರುಗಿ ಬರ್ತದೆ, ನಮ್ಮ ಕಣ್ಣಿಗೆ ಹೊಳಪು ಕಾಣ್ತದೆ. ಮೇಲ್ಮೈ ತುಂಬ ಸಣ್ಣ ಸಣ್ಣ ಗೀರುಗಳಿದ್ದರೆ ಬೆಳಕು ಚೆಲ್ಲಾಪಿಲ್ಲಿಯಾಗಿ ಗಾಡಿ ಮಂಕಾಗಿ ಕಾಣ್ತದೆ. ಬಿಸಿಲಲ್ಲಿ ಕಪ್ಪು ಕಾರಿನ ಬಾನೆಟ್ ಮೇಲೆ ಜೇಡರ ಬಲೆಯ ಹಾಗೆ ಸುತ್ತು ಸುತ್ತು ಗೆರೆ ಕಾಣುವುದು ಈ ಗೀರುಗಳೇ. ಉಜ್ಜುವುದು ಎಂದರೆ ಗೀರಿನ ತಳದವರೆಗೆ ಸುತ್ತಲಿನ ಪದರವನ್ನು ತೆಗೆದು ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವುದು. ಅಂದರೆ ಗೀರು ತುಂಬುವುದಿಲ್ಲ, ಅದರ ಸುತ್ತಲಿನ ಪೇಂಟೇ ಕಡಿಮೆ ಆಗ್ತದೆ. ಇದೊಂದು ಮಾತು ನೆನಪಿಟ್ಟರೆ ಉಳಿದದ್ದೆಲ್ಲ ಸುಲಭದಲ್ಲಿ ಅರ್ಥವಾಗ್ತದೆ.

ಕೂದಲಿಗಿಂತ ತೆಳ್ಳಗೆ

ಈಗಿನ ಕಾರುಗಳಲ್ಲಿ ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಪದರ ಮತ್ತು ಪ್ರೈಮರ್, ಅದರ ಮೇಲೆ ಬಣ್ಣದ ಪದರ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಇರ್ತದೆ. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಎಂದರೆ ಒಂದು ಮೈಕ್ರಾನ್. ಇದರಲ್ಲಿ ನಾವು ಉಜ್ಜಬಹುದಾದ ಕ್ಲಿಯರ್ ಕೋಟ್ ಸುಮಾರು 40 ಮೈಕ್ರಾನ್ ಆಸುಪಾಸು ಮಾತ್ರ. ನಮ್ಮ ತಲೆಕೂದಲಿನ ದಪ್ಪ ಸುಮಾರಾಗಿ ಇದಕ್ಕಿಂತ ಹೆಚ್ಚು.

ಮೆಟ್ಟಿಲಿಗೆ ಹಾಕುವ ಗ್ರಾನೈಟ್ ಹಲಗೆ 20 ಮಿಲಿಮೀಟರ್, ಅಂದರೆ 20 ಸಾವಿರ ಮೈಕ್ರಾನ್. ಕ್ಲಿಯರ್ ಕೋಟಿಗಿಂತ 500 ಪಟ್ಟು ದಪ್ಪ. ಕಲ್ಲನ್ನು ಹತ್ತು ಸಲ ಉಜ್ಜಿದರೂ ಕಲ್ಲು ಕಲ್ಲೇ. ಕಾರಿಗೆ ಆ ಅನುಕೂಲ ಇಲ್ಲ. ಆ 40 ಮೈಕ್ರಾನ್ ಒಳಗೇ ಬಿಸಿಲಿನ ಅತಿನೇರಳೆ ಕಿರಣ ತಡೆಯುವ ರಾಸಾಯನಿಕವೂ ಇದೆ. ಪದರ ತೆಳುವಾದಷ್ಟೂ ಆ ಕಾವಲು ಕಡಿಮೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಕಡೆಯ ಬಿಸಿಲಿಗೆ ತೆಳ್ಳಗಾದ ಕ್ಲಿಯರ್ ಕೋಟ್ ಕೆಲವು ವರ್ಷಗಳಲ್ಲಿ ಬಿಳಿ ಬಿಳಿಯಾಗಿ ಎದ್ದು, ಸಿಪ್ಪೆಯ ಹಾಗೆ ಸುಲಿಯಲು ಶುರುವಾಗ್ತದೆ. ಹಾಗೆ ಸುಲಿದ ಮೇಲೆ ಯಾವ ಪಾಲಿಶೂ ನಡೆಯುವುದಿಲ್ಲ, ಮತ್ತೆ ಪೇಂಟೇ ಹೊಡೆಸಬೇಕು.

ಹಾಗಾಗಿ ಹಬ್ಬಕ್ಕೊಮ್ಮೆ, ಮದುವೆಗೊಮ್ಮೆ ಬಫಿಂಗ್ ಮಾಡಿಸುವ ಅಭ್ಯಾಸ ಒಳ್ಳೆಯದಲ್ಲ. ಅದು ತೊಳೆಯುವ ಹಾಗಿನ ಕೆಲಸ ಅಲ್ಲ. ಪ್ರತಿ ಸಲವೂ ಗಾಡಿಯ ಆಯುಷ್ಯದಿಂದ ಸ್ವಲ್ಪ ಖರ್ಚು ಮಾಡಿದ ಹಾಗೆ.

ನೀರಿನ ಕಾಗದ ಹುಟ್ಟಿದ್ದು ಹೀಗೆ

ಪೇಂಟ್ ಉಜ್ಜುವುದಕ್ಕೆ ಬಳಸುವ ಕಪ್ಪು ಕಾಗದಕ್ಕೆ ನಮ್ಮ ಶಾಪ್‌ಗಳಲ್ಲಿ 'ವಾಟರ್ ಪೇಪರ್' ಅಂತಾರೆ. ಮೊದಲು ಎಲ್ಲ ಕಡೆ ಒಣ ಸ್ಯಾಂಡ್ ಪೇಪರಿನಲ್ಲೇ ಉಜ್ಜುತ್ತಿದ್ದರು. ಹಿಂದಿನ ಪೇಂಟುಗಳಲ್ಲಿ ಸೀಸ ಇರ್ತಿತ್ತು, ಆ ಧೂಳು ಕೆಲಸಗಾರನ ಎದೆಗೆ ಹೋಗುತ್ತಿತ್ತು. ನೀರಲ್ಲಿ ನೆನೆದರೂ ಬಿಡದ ಕಾಗದವನ್ನು ಅಮೆರಿಕದ 3ಎಂ ಕಂಪೆನಿ 1921ರಲ್ಲಿ ಮಾರುಕಟ್ಟೆಗೆ ತಂದಿತು. ಅದರಿಂದ ಧೂಳೂ ಕಡಿಮೆಯಾಯಿತು, ನಯವೂ ಹೆಚ್ಚಿತು. ಪೇಂಟ್ ತಾಗಬಾರದ ಕಡೆ ಅಂಟಿಸುವ ಮಾಸ್ಕಿಂಗ್ ಟೇಪನ್ನು 1925ರಲ್ಲಿ ಹೊರತಂದದ್ದೂ ಅದೇ ಕಂಪೆನಿಯ ರಿಚರ್ಡ್ ಡ್ರೂ. ಎರಡು ಬಣ್ಣದ ಕಾರುಗಳಿಗೆ ಪೇಂಟ್ ಹೊಡೆಯುವವರು ಅಂಟು ಕಾಗದ ಕಿತ್ತಾಗ ಪೇಂಟೂ ಕಿತ್ತುಬರುತ್ತದೆಂದು ಬೈಯುವುದನ್ನು ಕೇಳಿ ಅವರಿಗೆ ಆ ಯೋಚನೆ ಬಂತು. ಹಳಬರು ಈಗಲೂ ಹೇಳುವ 'ಡ್ಯೂಕೋ ಪೇಂಟ್' ಎಂಬ ಹೆಸರು ಬಂದದ್ದು ಡ್ಯೂಪಾಂಟ್ ಕಂಪೆನಿಯ ಬೇಗ ಒಣಗುವ ಪೇಂಟಿನಿಂದ. ಅದೂ 1920ರ ದಶಕದ್ದೇ.

ಆ ಕಾಗದದ ಕಪ್ಪು ಹರಳು ಸಿಲಿಕಾನ್ ಕಾರ್ಬೈಡ್. ಸಾಣೆಗೆ ಬಳಸುವ ಇನ್ನೊಂದು ಗಟ್ಟಿ ಖನಿಜಕ್ಕೆ ಇಂಗ್ಲಿಷಿನಲ್ಲಿ 'ಕೊರಂಡಮ್' ಎಂಬ ಹೆಸರಿದೆ. ಅದು ನಮ್ಮ ದಕ್ಷಿಣದ 'ಕುರುಂದ' ಎಂಬ ಮಾತಿನಿಂದಲೇ ಹೋದದ್ದು.

ಕೆಲಸದ ಕ್ರಮ

ಬಲ್ಲವನು ಕೆಲಸ ಹೇಗೆ ಮಾಡ್ತಾನೆ ಎಂದು ಗೊತ್ತಿದ್ದರೆ ಗಾಡಿ ಬಿಟ್ಟು ಹೋಗುವಾಗ ಎರಡು ಪ್ರಶ್ನೆ ಕೇಳಲಿಕ್ಕೆ ಆಗ್ತದೆ.

ಮೊದಲು ಗಾಡಿಯನ್ನು ಚೆನ್ನಾಗಿ ತೊಳೆದು, ಪೇಂಟಿಗೆ ಅಂಟಿದ ಡಾಂಬರು, ಕಬ್ಬಿಣದ ಪುಡಿ ಎಲ್ಲ ತೆಗೆಯಬೇಕು. ಮಣ್ಣಿನ ಒಂದು ಕಣ ಉಳಿದರೂ ಉಜ್ಜುವಾಗ ಅದೇ ಹೊಸ ಗೀರು ಎಳೆಯುತ್ತದೆ. ಆಮೇಲೆ ಗೀರು ಎಷ್ಟು ಆಳ ಎಂದು ನೋಡುವುದು. ಉಗುರನ್ನು ಗೀರಿಗೆ ಅಡ್ಡವಾಗಿ ಎಳೆದಾಗ ಉಗುರು ಸಿಕ್ಕಿಕೊಂಡರೆ ಅದು ಉಜ್ಜಿ ಹೋಗುವ ಗೀರಲ್ಲ. ಅದನ್ನು ಉಜ್ಜಿಯೇ ತೆಗೆಯಲು ಹೊರಟರೆ ಬಣ್ಣವೇ ಹೋಗ್ತದೆ.

ಪೇಂಟಿನ ದಪ್ಪ ಅಳೆಯುವ ಸಣ್ಣ ಮೀಟರ್ ಬರ್ತದೆ. ಒಳ್ಳೆ ಕೆಲಸಗಾರ ಅದನ್ನು ಬಾನೆಟ್, ಟಾಪ್, ಬಾಗಿಲು ಎಲ್ಲ ಕಡೆ ಇಟ್ಟು ನೋಡಿಯೇ ಶುರು ಮಾಡ್ತಾನೆ.

ಎಲ್ಲ ಗಾಡಿಗೂ ವಾಟರ್ ಪೇಪರ್ ಬೇಕಾಗಿಲ್ಲ. ಬರೀ ಮಂಕಾಗಿದ್ದರೆ ಕಾಂಪೌಂಡ್ ಮತ್ತು ಪಾಲಿಶ್ ಸಾಕು. ಹೊಸದಾಗಿ ಪೇಂಟ್ ಹೊಡೆದು ಕಿತ್ತಳೆ ಸಿಪ್ಪೆಯ ಹಾಗೆ ಗುಳಿ ಗುಳಿ ಬಂದಿದ್ದರೆ, ಧೂಳು ಕೂತಿದ್ದರೆ, ಸ್ವಲ್ಪ ಆಳದ ಗೀರಿದ್ದರೆ ಮಾತ್ರ ಪೇಪರ್. ಅದೂ 1500 ಅಥವಾ 2000 ನಂಬರಿನಿಂದ ಶುರು, ಆಮೇಲೆ 3000. ನಂಬರ್ ಹೆಚ್ಚಾದಷ್ಟೂ ನಯ. ಪೇಪರನ್ನು ನೀರಲ್ಲಿ ನೆನೆಹಾಕಿ, ಬ್ಲಾಕಿಗೆ ಸುತ್ತಿ, ಶಾಂಪೂ ನೀರು ಹಾಕುತ್ತಾ ಹಗುರಾಗಿ ಉಜ್ಜುವುದು. ಬರಿ ಬೆರಳಿನಿಂದ ಒತ್ತಿದರೆ ಬೆರಳಿನ ಸಾಲೇ ಪೇಂಟಲ್ಲಿ ಮೂಡ್ತದೆ. ಪ್ರತಿ ನಂಬರಿನ ಕೆಲಸ ಅದರ ಹಿಂದಿನ ನಂಬರಿನ ಗೀರು ತೆಗೆಯುವುದು. ನಡುವೆ ಒಂದು ಮೆಟ್ಟಿಲು ಹಾರಿದರೆ ಕೊನೆಯಲ್ಲಿ ಎಷ್ಟು ಬಫ್ ಕೊಟ್ಟರೂ ಬಿಸಿಲಿಗೆ ಬಂದಾಗ ಗೊತ್ತಾಗ್ತದೆ. ಕಲ್ಲಿನವರೂ ಇದನ್ನೇ ಹೇಳ್ತಾರೆ.

ಪೇಪರ್ ಆದ ಮೇಲೆ ಕಾಂಪೌಂಡ್, ಆಮೇಲೆ ಮೆತ್ತನೆ ಸ್ಪಂಜಿನ ಪ್ಯಾಡಿನಲ್ಲಿ ಪಾಲಿಶ್. ಇಲ್ಲಿ ಮೆಶಿನ್ ಎರಡು ಜಾತಿಯದ್ದಿದೆ. ನೇರ ತಿರುಗುವ ಮೆಶಿನ್ ಬೇಗ ಕತ್ತರಿಸುತ್ತದೆ, ಆದರೆ ಒಂದೇ ಕಡೆ ನಿಲ್ಲಿಸಿದರೆ ಕ್ಷಣದಲ್ಲಿ ಪೇಂಟ್ ಬಿಸಿಯಾಗಿ ಸುಟ್ಟುಹೋಗ್ತದೆ. ತಿರುಗುತ್ತಾ ಅಲುಗಾಡುವ ಮೆಶಿನ್ ನಿಧಾನ, ಆದರೆ ಅಪಾಯ ಕಡಿಮೆ. ಬಾನೆಟಿನ ಅಂಚು, ಬಾಗಿಲಿನ ಮಡಿಕೆ, ಗೆರೆಗಳ ಮೇಲೆ ಪೇಂಟ್ ತೆಳ್ಳಗಿರ್ತದೆ. ಬಲ್ಲವನು ಅಲ್ಲಿಗೆ ಮೊದಲೇ ಟೇಪ್ ಅಂಟಿಸ್ತಾನೆ. ಬಿಸಿಲಲ್ಲಿ ಕಾದ ತಗಡಿನ ಮೇಲೆ ಈ ಕೆಲಸ ಮಾಡಬಾರದು, ನೆರಳು ಬೇಕು. ಮ್ಯಾಟ್ ಫಿನಿಶ್ ಗಾಡಿಗೆ ಬಫಿಂಗ್ ಇಲ್ಲವೇ ಇಲ್ಲ.

ಹಳೆ ಅಂಬಾಸಿಡರ್, ಮೊದಲ ಕಾಲದ ಮಾರುತಿ 800 ಥರದ ಗಾಡಿಗಳಲ್ಲಿ ಕ್ಲಿಯರ್ ಕೋಟ್ ಇಲ್ಲದ ಪೇಂಟ್ ಇರಬಹುದು. ಅದನ್ನು ಗುರುತಿಸಲು ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಶ್ ಹಾಕಿ ಕಾಣದ ಜಾಗದಲ್ಲಿ ಉಜ್ಜಿ ನೋಡಬೇಕು. ಬಟ್ಟೆಗೆ ಗಾಡಿಯ ಬಣ್ಣ ಬಂದರೆ ಕ್ಲಿಯರ್ ಕೋಟ್ ಇಲ್ಲ, ಅಥವಾ ಇದ್ದದ್ದು ಹೋಗಿ ಆಗಿದೆ ಎಂದು ಅರ್ಥ.

ಹೊಳಪನ್ನು ಮಾರುವಾಗ

ಈಗ ನಮಗೆ ಹೆಚ್ಚು ಮುಖ್ಯವಾದ ವಿಷಯ. ಮಾರುವ ಮೊದಲು ಗಾಡಿಯನ್ನು ಪಾಲಿಶ್ ಮಾಡಿಸುವುದರಲ್ಲಿ ತಪ್ಪೇನಿಲ್ಲ. ಸರಕನ್ನು ಚೊಕ್ಕ ಮಾಡಿ ಇಡುವುದು ವ್ಯಾಪಾರಿಯ ಹಕ್ಕು. ಹಣ್ಣಿನವನು ಸೇಬನ್ನು ಒರೆಸಿ ಇಡುವುದಿಲ್ಲವೇ? ಪ್ರಶ್ನೆ ಬರುವುದು ಹೊಳಪಿನ ಅಡಿಯಲ್ಲಿ ಏನನ್ನು ಮುಚ್ಚಿದ್ದೇವೆ ಎಂಬಲ್ಲಿ. ಅಪಘಾತವಾದ ಬಾಗಿಲಿಗೆ ಪಟ್ಟಿ ತುಂಬಿ, ಪೇಂಟ್ ಹೊಡೆದು, ಉಜ್ಜಿ ಮಿಂಚಿಸಿ 'ಕಂಪೆನಿ ಪೇಂಟ್' ಎಂದು ಹೇಳಿದರೆ ಅದು ಪಾಲಿಶ್ ಅಲ್ಲ, ವಂಚನೆ.

ಪ್ರವಾದಿ (ಸ) ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆ ಸಿಕ್ಕಿದ ಸಂಗತಿ ಮದ್ರಸ ಓದಿದ ಎಲ್ಲರಿಗೂ ಗೊತ್ತು. ಒದ್ದೆಯಾದದ್ದನ್ನು ಜನ ಕಾಣುವ ಹಾಗೆ ಮೇಲೆ ಯಾಕೆ ಇಡಲಿಲ್ಲ ಎಂಬುದೇ ಅಲ್ಲಿನ ಪ್ರಶ್ನೆಯಾಗಿತ್ತು. ಮಳೆಯಲ್ಲಿ ಧಾನ್ಯ ನೆನೆದದ್ದು ವ್ಯಾಪಾರಿಯ ತಪ್ಪಲ್ಲ, ಮುಚ್ಚಿಟ್ಟದ್ದು ತಪ್ಪು. ಗಾಡಿಗೆ ಪೆಟ್ಟಾಗುವುದೂ ಹಾಗೆಯೇ.

ಶಾಫಿಈ ಫಿಕ್‌ಹಿನಲ್ಲಿ ಇದಕ್ಕೆ ಇನ್ನೂ ಹತ್ತಿರದ ಚರ್ಚೆ ಇದೆ. ಮಾರುವ ಮೊದಲು ಕೆಲವು ದಿನ ಹಾಲು ಕರೆಯದೆ ಬಿಟ್ಟು, ಕೆಚ್ಚಲು ತುಂಬಿದ ಹಾಗೆ ತೋರಿಸಿ ಪ್ರಾಣಿಯನ್ನು ಮಾರುವುದಕ್ಕೆ 'ತಸ್‌ರಿಯತ್' ಎನ್ನುತ್ತಾರೆ. ಅದು ಹರಾಂ, ಕೊಂಡವನಿಗೆ ವಾಪಸು ಕೊಡುವ ಹಕ್ಕು ಇದೆ. ಇಮಾಂ ನವವಿಯವರ 'ಮಿನ್‌ಹಾಜ್' ಇದೇ ಸಾಲಿನಲ್ಲಿ ಇನ್ನೊಂದು ಉದಾಹರಣೆ ಹೇಳುತ್ತದೆ. ಬೀಸುವ ಕಲ್ಲನ್ನು ತಿರುಗಿಸುವ ನೀರನ್ನು ಮೊದಲೇ ತಡೆದಿಟ್ಟು, ಮಾರುವ ಹೊತ್ತಿಗೆ ಒಮ್ಮೆಲೇ ಬಿಟ್ಟು, ಯಾವಾಗಲೂ ಇಷ್ಟೇ ಜೋರು ಎಂದು ನಂಬಿಸುವುದು. ಅಲ್ಲೂ ಕೊಂಡವನಿಗೆ ವಾಪಸಿನ ಹಕ್ಕು. ಆ ಕಾಲದಲ್ಲಿ ಕಾರು ಇರಲಿಲ್ಲ. ಆದರೆ ಮಾರುವ ದಿನಕ್ಕೆ ಮಾತ್ರ ಚೆಂದ ಕಾಣುವಂತೆ ಮಾಡುವ ಬುದ್ಧಿ ಇತ್ತು.

ಐಬು ಗೊತ್ತಿದ್ದ ಮಾರಾಟಗಾರ ಅದನ್ನು ಹೇಳಲೇಬೇಕು. ಮಾರುವವನಲ್ಲದ ಮೂರನೆಯವನಿಗೆ ಗೊತ್ತಿದ್ದರೂ ಕೊಳ್ಳುವವನಿಗೆ ತಿಳಿಸುವ ಹೊಣೆ ಇದೆ ಎನ್ನುತ್ತಾರೆ ನಮ್ಮ ಇಮಾಮರು. ನಡುವೆ ಕಮಿಷನ್‌ಗೆ ನಿಂತವರು, ಬಫಿಂಗ್ ಮಾಡಿದವರು ಇದನ್ನು ಗಮನಿಸಬೇಕು. 'ನಾನು ಬರೀ ಕೆಲಸ ಮಾಡಿದ್ದು' ಎಂಬಲ್ಲಿಗೆ ಮಾತು ಮುಗಿಯುವುದಿಲ್ಲ.

ಕೊಳ್ಳುವವರು ನೋಡಬೇಕಾದದ್ದು

ಕೊಳ್ಳುವವನೂ ಕಣ್ಣು ಬಿಟ್ಟು ನೋಡಬೇಕು. ಕೆಲವು ಸುಲಭದ ಪರೀಕ್ಷೆಗಳಿವೆ.

ಗಾಡಿಯನ್ನು ಹಗಲಿನ ಬಿಸಿಲಿನಲ್ಲಿ ನೋಡಿ, ಆಮೇಲೆ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಮಾತ್ರ ನೋಡಿ ಮಾತು ಮುಗಿಸಬೇಡಿ.

ಎಣ್ಣೆ ಅಥವಾ ಮೇಣದಂಥದ್ದು ಹಚ್ಚಿ ಗೀರು ತುಂಬಿಸಿದ್ದರೆ ಒಂದೆರಡು ಸಲ ಶಾಂಪೂ ಹಾಕಿ ತೊಳೆದಾಗ ಗೀರು ವಾಪಸು ಬರ್ತದೆ. ಸಾಧ್ಯವಾದರೆ ತೊಳೆಸಿ ನೋಡಿ.

ಬಾಗಿಲು ತೆರೆದು ಒಳಗಿನ ಚೌಕಟ್ಟಿನ ಬಣ್ಣವನ್ನು ಹೊರಗಿನ ಬಣ್ಣದ ಜೊತೆ ಹೋಲಿಸಿ. ರಬ್ಬರ್ ಬೀಡಿಂಗ್ ಮೇಲೆ, ಗಾಜಿನ ಅಂಚಿನಲ್ಲಿ ಪೇಂಟಿನ ಸಣ್ಣ ಹನಿ ಇದ್ದರೆ ಅಲ್ಲಿ ಮತ್ತೆ ಪೇಂಟ್ ಆಗಿದೆ.

ಫ್ರಿಡ್ಜಿಗೆ ಅಂಟಿಸುವ ಮ್ಯಾಗ್ನೆಟ್ಟನ್ನು ತೆಳು ಬಟ್ಟೆಯಲ್ಲಿ ಸುತ್ತಿ ತಗಡಿಗೆ ಹಿಡಿಯಿರಿ. ಪಟ್ಟಿ ದಪ್ಪ ತುಂಬಿದ ಕಡೆ ಅದು ಸರಿಯಾಗಿ ಹಿಡಿಯುವುದಿಲ್ಲ. ಬಂಪರ್ ಪ್ಲಾಸ್ಟಿಕ್, ಅಲ್ಲಿ ಈ ಪರೀಕ್ಷೆ ಇಲ್ಲ.

ಮೀಟರ್ ಇರುವವರನ್ನು ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಉಳಿದ ಕಡೆ 110, 120 ತೋರಿಸಿ ಒಂದು ಬಾಗಿಲಲ್ಲಿ ಮಾತ್ರ 300 ದಾಟಿದರೆ ಕಾರಣ ಕೇಳಿ. ಎಲ್ಲ ಕಡೆ ತೀರಾ ಕಡಿಮೆ ತೋರಿಸಿದರೆ ಗಾಡಿ ಹಲವು ಸಲ ಉಜ್ಜಿಸಿಕೊಂಡಿರಬಹುದು, ಇನ್ನು ಉಜ್ಜಲಿಕ್ಕೆ ಉಳಿದಿಲ್ಲ.

ಗಾಡಿಯ ಬಣ್ಣವನ್ನೇ ಬದಲಾಯಿಸಿದ್ದರೆ ಆರ್.ಸಿ.ಯಲ್ಲಿ ಅದು ನಮೂದಾಗಿದೆಯೋ ಎಂದೂ ನೋಡಬೇಕು.

ಕೆಲಸ ಮಾಡುವ ಹುಡುಗರಿಗೆ

ಊರಲ್ಲೂ ಗಲ್ಫಲ್ಲೂ ಈ ಕೆಲಸ ಮಾಡುವ ನಮ್ಮ ಹುಡುಗರಿದ್ದಾರೆ. ಅವರ ಮನೆಯವರೂ ಇದನ್ನು ಓದಲಿ.

ಕಲ್ಲು ಕೊರೆಯುವ, ಉಜ್ಜುವ ಕಡೆ ಏಳುವ ಧೂಳಿನಲ್ಲಿ ಸಿಲಿಕಾ ಇರ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದರೆ ಸಿಲಿಕೋಸಿಸ್ ಬರ್ತದೆ. ಒಮ್ಮೆ ಬಂದರೆ ವಾಸಿಯಾಗದ ಶ್ವಾಸಕೋಶದ ರೋಗ ಅದು. 1948ರ ಕಾರ್ಖಾನೆ ಕಾಯ್ದೆಯಲ್ಲಿ ಸರಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಇದೂ ಇತ್ತು. ಕಲ್ಲಿನ ಕೆಲಸದಲ್ಲಿ ನೀರು ಬಿಡುವುದು ಮೆಶಿನ್ ತಂಪಾಗಿರಲಿ ಎಂದು ಮಾತ್ರ ಅಲ್ಲ, ಮನುಷ್ಯ ಉಳಿಯಲಿ ಎಂದೂ ಹೌದು.

ಪೇಂಟ್ ಶಾಪಿನಲ್ಲಿ ಅಪಾಯ ಬೇರೆ ರೀತಿಯದ್ದು. ಪಟ್ಟಿ ಮತ್ತು ಪ್ರೈಮರನ್ನು ಒಣಗಿ ಉಜ್ಜುವಾಗ ಏಳುವ ಧೂಳು ಒಂದು. ಕ್ಲಿಯರ್ ಕೋಟಿಗೆ ಬೆರೆಸುವ ಹಾರ್ಡ್‌ನರ್‌ನಲ್ಲಿರುವ ಐಸೋಸಯನೇಟ್ ಇನ್ನೊಂದು. ಸ್ಪ್ರೇ ಮಾಡುವಾಗ ಅದು ಎದೆಗೆ ಹೋದರೆ ಅಸ್ತಮಾ ಬರಬಹುದು. ಮೂಗಿಗೆ ಕಟ್ಟಿದ ಕರ್ಚೀಫಿನಿಂದ ಇದು ಯಾವುದೂ ತಡೆಯುವುದಿಲ್ಲ. ಧೂಳಿಗೆ ಸರಿಯಾದ ಮಾಸ್ಕ್ ಬೇಕು, ಸ್ಪ್ರೇಗೆ ಅದಕ್ಕೆಂದೇ ಇರುವ ಫಿಲ್ಟರಿನ ಮಾಸ್ಕ್ ಬೇಕು. ಶಾಪಿನ ಮಾಲಕರು ಇದನ್ನು ಖರ್ಚು ಎಂದು ಲೆಕ್ಕ ಹಾಕಬಾರದು. ಬಫಿಂಗ್ ಮೆಶಿನ್ ಹಿಡಿಯುವಾಗ ಕನ್ನಡಕ ಇರಲಿ, ಸಡಿಲ ತೋಳು, ತೂಗುವ ಟವೆಲ್ ಬೇಡ.

ಇನ್ನೊಂದು ಮಸ್‌ಅಲ ಹುಡುಗರು ಆಗಾಗ ಕೇಳ್ತಾರೆ: ಕೈಗೆ ಪೇಂಟ್, ವ್ಯಾಕ್ಸ್ ತಾಗಿದ್ದರೆ ವುಳೂ ಆಗ್ತದಾ? ಚರ್ಮಕ್ಕೆ ನೀರು ಮುಟ್ಟದಂತೆ ಪದರವಾಗಿ ಕೂತಿದ್ದರೆ ಅದನ್ನು ತೆಗೆಯಲೇಬೇಕು. ಪೊನ್ನಾನಿಯ ಝೈನುದ್ದೀನ್ ಮಖ್ದೂಂ ಅವರ 'ಫತ್‌ಹುಲ್ ಮುಈನ್' ನೀರಿಗೆ ತಡೆಯಾಗುವ ವಸ್ತುಗಳ ಸಾಲಿನಲ್ಲಿ ಮೇಣವನ್ನೂ ಗಟ್ಟಿ ಕೊಬ್ಬನ್ನೂ ಹೆಸರಿಸಿಯೇ ಹೇಳುತ್ತದೆ. ಹರಿಯುವ ಎಣ್ಣೆ ಅದರಲ್ಲಿ ಸೇರುವುದಿಲ್ಲ. ಪದರ ಹೋಗಿ ಬರೀ ಬಣ್ಣದ ಕಲೆ ಉಳಿದಿದ್ದರೆ ತೊಂದರೆ ಇಲ್ಲ. ಥಿನ್ನರಿನಲ್ಲಿ ಕೈ ಅದ್ದಿ ತೊಳೆಯುವ ಅಭ್ಯಾಸ ಚರ್ಮಕ್ಕೆ ಕೆಟ್ಟದು. ಕೆಲಸಕ್ಕೆ ಮೊದಲೇ ಗ್ಲೌಸ್ ಹಾಕಿದರೆ ವುಳೂವೂ ಸುಲಭ, ಕೈಯೂ ಉಳಿಯುತ್ತದೆ.

ಉಜ್ಜುವ ಕೆಲಸ ಬಾರದ ಹಾಗೆ

ಗಾಡಿಗೆ ಹೆಚ್ಚಿನ ಗೀರು ಬೀಳುವುದು ರಸ್ತೆಯಲ್ಲಲ್ಲ, ಮನೆಯಂಗಳದಲ್ಲಿ. ಬೆಳಿಗ್ಗೆ ಎದ್ದು ಒಣಬಟ್ಟೆಯಲ್ಲಿ ಧೂಳು ಒರೆಸುವ ಅಭ್ಯಾಸವೇ ಅದಕ್ಕೆ ಕಾರಣ. ಹುನಗುಂದದ ಎರೆಮಣ್ಣಿನ ಧೂಳಿರಲಿ, ನಮ್ಮೂರಿನ ಕೆಂಪು ಮುರದ ಧೂಳಿರಲಿ, ಒಣಗಿ ಒರೆಸಿದರೆ ಅದೇ ಸ್ಯಾಂಡ್ ಪೇಪರ್. ಮೊದಲು ಧಾರಾಳ ನೀರು ಹಾಕಿ ಮಣ್ಣು ಇಳಿಸಿ, ಆಮೇಲೆ ಕಾರಿನ ಶಾಂಪೂ. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದು ಶಾಂಪೂವಿಗೆ, ಒಂದು ಬಟ್ಟೆ ಅಲುಬಲಿಕ್ಕೆ. ಪಾತ್ರೆ ತೊಳೆಯುವ ಸೋಪು, ಬಟ್ಟೆ ಸೋಪಿನ ಪುಡಿ ಬೇಡ. ನೆಲಕ್ಕೆ ಬಿದ್ದ ಬಟ್ಟೆಯನ್ನು ಮತ್ತೆ ಗಾಡಿಗೆ ಮುಟ್ಟಿಸಬೇಡಿ.

ಬೋರ್‌ವೆಲ್ ನೀರು ಗಡಸಾಗಿದ್ದರೆ ಬಿಸಿಲಲ್ಲಿ ತೊಳೆಯಬೇಡಿ. ನೀರು ಆರಿದ ಕಡೆ ಬಿಳಿ ಚುಕ್ಕೆ ಉಳಿಯುತ್ತದೆ, ಆಮೇಲೆ ಅದನ್ನು ತೆಗೆಯಲಿಕ್ಕೆ ಮತ್ತೆ ಉಜ್ಜಬೇಕು. ಕಾಗೆ ಹಿಕ್ಕೆ ಹಾಕಿದರೆ ಅದೇ ದಿನ ಒದ್ದೆ ಬಟ್ಟೆ ಇಟ್ಟು ನೆನೆಸಿ ತೆಗೆಯಿರಿ. ಮಾವಿನ ಮರದ ನೆರಳು ತಂಪು ನಿಜ, ಆದರೆ ಅಂಟು ಬೀಳ್ತದೆ. ಸಮುದ್ರ ಹತ್ತಿರದವರು ಉಪ್ಪುಗಾಳಿಯ ಕಾರಣಕ್ಕೆ ಗಾಡಿಯ ಅಡಿಯನ್ನೂ ತೊಳೆಸುತ್ತಿರಬೇಕು. ವರ್ಷಕ್ಕೆ ಕೆಲವು ಸಲ ಹಚ್ಚುವ ವ್ಯಾಕ್ಸ್ ಪೇಂಟನ್ನು ಸವೆಸುವುದಿಲ್ಲ, ಮೇಲೆ ಕೂತು ಕಾಯುತ್ತದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜುವ ಉಪಾಯ ಬಿಟ್ಟುಬಿಡಿ. ಅದರಲ್ಲೂ ಸವೆಸುವ ಪುಡಿಯೇ ಇರುವುದು, ಎಷ್ಟು ಸವೆಸ್ತದೆ ಎಂಬ ಲೆಕ್ಕ ಮಾತ್ರ ಯಾರಿಗೂ ಇಲ್ಲ.

ಶಾಪಿಗೆ ಗಾಡಿ ಕೊಡುವ ದಿನ ಬಂದರೆ ಮೂರು ಮಾತು ಕೇಳಿ: ದಪ್ಪ ಅಳೆದು ನೋಡ್ತೀರಾ, ಪೇಪರ್ ಹಾಕ್ತೀರಾ ಇಲ್ಲ ಬರೀ ಪಾಲಿಶಾ, ಯಾವ ಮೆಶಿನ್? ಉತ್ತರ ಹೇಳಲಿಕ್ಕೆ ಬಾರದವರ ಕೈಗೆ ಗಾಡಿಯ ಕೀ ಕೊಡಬೇಡಿ. ಕೆಲಸ ಆದ ಮೇಲೆ ಯಾವ ದಿನ, ಯಾವ ಭಾಗಕ್ಕೆ ಏನು ಮಾಡಿದ್ದು ಎಂದು ಬರೆಸಿಕೊಂಡು ಗಾಡಿಯ ಕಾಗದಪತ್ರದ ಜೊತೆ ಇಡಿ. ಮುಂದೆ ಆ ಗಾಡಿಯನ್ನು ಮಾರುವಾಗ ಆ ಚೀಟಿಯನ್ನೂ ಕೊಳ್ಳುವವನ ಕೈಗೆ ಕೊಡಿ.